ಬಿಸ್ಕೋ ಹರಳಿನ ಅಳತೆ ಕೂಡದ ಅಲೆ: ಹಿಡಿಯುವುದರಿಂದ ಬಿಡಿಸುವವರೆಗೆ

ಬಿಸ್ಕೋ-2212 ಬಿಸ್ಮತ್ ಇರುವ ತಾಮ್ರದ ಆಕ್ಸೈಡ್, ತಣ್ಣಗೆ ಮಾಡಿದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಸೂಪರ್‌ಕಂಡಕ್ಟರ್. ಅದರ ಹರಳು ಕಪ್ಪಗೆ ಹೊಳೆಯುತ್ತದೆ. ಕಾಗೆಬಂಗಾರದ ಹಾಗೆ ಪದರ ಪದರವಾಗಿ ಏಳುತ್ತದೆ. ಸೆಲ್ಲೋಟೇಪ್ ಅಂಟಿಸಿ ಎಳೆದರೆ ಸಾಕು, ಕನ್ನಡಿಯಂಥ ಹೊಸ ಮುಖ ಸಿಗುತ್ತದೆ. ಕಣ್ಣಿಗೆ ಅದು ಸಪಾಟು. ಆದರೆ ಒಳಗೆ ಪರಮಾಣುಗಳ ಸಾಲು ಸಪಾಟಾಗಿಲ್ಲ. ಸುಮಾರು 26 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಒಂದು ಏರು, ಒಂದು ಇಳಿವು. ಈ ಅಲೆಗೂ ಹರಳಿನ ಮೂಲ ಅಳತೆಗೂ ಲೆಕ್ಕ ಕೂಡುವುದಿಲ್ಲ. ಇಂಥದ್ದನ್ನು ಇನ್‌ಕಮೆನ್ಸುರೇಟ್ ರಚನೆ ಎನ್ನುತ್ತಾರೆ. ನಾನು ಅಳತೆ ಕೂಡದ ರಚನೆ ಎಂದು ಕರೆಯುತ್ತೇನೆ.

ತಾಳ ಹಾಕಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದು ಕೈಯಲ್ಲಿ ಎಂಟರ ಎಣಿಕೆ, ಇನ್ನೊಂದು ಕೈಯಲ್ಲಿ ಏಳರ ಎಣಿಕೆ ಹಿಡಿಯಿರಿ. 56 ಎಣಿಕೆ ಮುಗಿದಾಗ ಎರಡೂ ಮತ್ತೆ ಸಮಕ್ಕೆ ಬರುತ್ತವೆ. ಅದು ಅಳತೆ ಕೂಡುವ ಲೆಕ್ಕ. ಬಿಸ್ಕೋದಲ್ಲಿ ಎರಡು ತಾಳಗಳು ಒಟ್ಟಿಗೆ ಹೊರಡುತ್ತವೆ, ಆಮೇಲೆ ಎಷ್ಟು ದೂರ ಹೋದರೂ ಸಮ ಸೇರುವುದೇ ಇಲ್ಲ.

ಏಕಹರಳಿನ ಎಕ್ಸ್‌ರೇ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡಿದ್ದು, ಇಂಥ ಹರಳನ್ನು ಮೊದಲ ಸಲ ಕೈಗೆತ್ತಿಕೊಳ್ಳುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಪೆಟ್ಟಿಗೆ), ಹೆಚ್-ಕೆ-ಎಲ್ (ಎಕ್ಸ್‌ರೇ ಚಿತ್ರದ ಪ್ರತಿ ಚುಕ್ಕೆಯ ಮೂರಂಕಿ ವಿಳಾಸ) ಗೊತ್ತಿದ್ದರೆ ಸಾಕು.

ಕೈ ಹಾಕುವ ಮೊದಲು ತಿಳಿದಿರಬೇಕಾದ ಹಿನ್ನೆಲೆ

ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ ಕಥೆ 1986ರಲ್ಲಿ ಶುರುವಾಯಿತು. ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಅದನ್ನು ಶುರು ಮಾಡಿದರು. ಮರುವರ್ಷ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಮೇಲೆ ಹಗಲು ರಾತ್ರಿ ಕೆಲಸ ಮಾಡುತ್ತಿತ್ತು. ಬಿಸ್ಮತ್ ಇರುವ ಬಗೆಯನ್ನು 1987ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ಮಿಶೆಲ್, ರಾವೋ ಮತ್ತು ಸಂಗಡಿಗರು ತೋರಿಸಿದರು. ಆದರೆ ಅದು ಸೂಪರ್‌ಕಂಡಕ್ಟರ್ ಆಗುತ್ತಿದ್ದುದು 22 ಕೆಲ್ವಿನ್‌ಗಿಂತ ಕೆಳಗೆ ಮಾತ್ರ. 1988ರ ಜನವರಿಯಲ್ಲಿ ಜಪಾನಿನ ತ್ಸುಕುಬಾದಲ್ಲಿ ಮಾಯೆದಾ ಅವರ ತಂಡ ಅದಕ್ಕೆ ಕ್ಯಾಲ್ಸಿಯಂ ಸೇರಿಸಿತು. ಉಷ್ಣತೆ 100 ಕೆಲ್ವಿನ್ ದಾಟಿತು. ಅದೇ ವರ್ಷ ಅಮೆರಿಕದ ಬಫಲೋದಲ್ಲಿ ಗಾವೊ, ಕಾಪೆನ್ಸ್ ಮತ್ತು ಸಂಗಡಿಗರು 2212ರ ಒಳಗಿನ ಅಲೆಯನ್ನು ಲೆಕ್ಕ ಹಾಕಿ ಪ್ರಕಟಿಸಿದರು.

2212 ಎಂದರೆ ಎರಡು ಬಿಸ್ಮತ್, ಎರಡು ಸ್ಟ್ರಾನ್ಷಿಯಂ, ಒಂದು ಕ್ಯಾಲ್ಸಿಯಂ, ಎರಡು ತಾಮ್ರ. ಜೊತೆಗೆ ಎಂಟಕ್ಕಿಂತ ತುಸು ಜಾಸ್ತಿ ಆಮ್ಲಜನಕ. ಈ ‘ತುಸು ಜಾಸ್ತಿ’ಯನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹಂತಗಳಲ್ಲಿ ಬೇಕಾಗುತ್ತದೆ.

ಅಲೆ ಏಕೆ ಏಳುತ್ತದೆ? ತಾಮ್ರ-ಆಮ್ಲಜನಕದ ಪದರದಲ್ಲಿ ಬಂಧದ ಉದ್ದ ಸುಮಾರು 1.91 ಆಂಗ್‌ಸ್ಟ್ರಾಮ್. ಆ ಪದರ ಗಟ್ಟಿ, ಅದು ಹೇಳಿದ ಅಳತೆಯೇ ನಡೆಯುತ್ತದೆ. ಬಿಸ್ಮತ್-ಆಮ್ಲಜನಕದ ಪದರಕ್ಕೆ ಆ ಅಳತೆ ಹೊಂದುವುದಿಲ್ಲ. ಬಿಸ್ಮತ್‌ಗೆ ಬಂಧದಲ್ಲಿ ಸೇರದ ಒಂದು ಎಲೆಕ್ಟ್ರಾನ್ ಜೋಡಿ ಇದೆ. ಅದು ಒಂದು ಬದಿಯಲ್ಲಿ ಜಾಗ ಕೇಳುತ್ತದೆ, ಹಾಗಾಗಿ ಕೆಲವು ಬಂಧಗಳು ಮೋಟು, ಕೆಲವು ಉದ್ದ. ಹೊಂದದ ಎರಡು ಪದರಗಳನ್ನು ಒಂದರ ಮೇಲೊಂದು ಅಂಟಿಸಿದರೆ ಏನಾಗುತ್ತದೆ? ಒದ್ದೆ ಮರದ ಹಲಗೆಗೆ ಒಣ ಹಲಗೆ ಬಡಿದ ಹಾಗೆ, ಎರಡೂ ಬಾಗುತ್ತವೆ. ಬಾಗಿದ ಜಾಗದಲ್ಲಿ ಬಿಸ್ಮತ್ ಪದರದೊಳಗೆ ಒಂದೊಂದು ಹೆಚ್ಚುವರಿ ಆಮ್ಲಜನಕ ಸೇರಿಕೊಳ್ಳುತ್ತದೆ.

ಹಂತ 1: ಹರಳು ಆರಿಸಿ

ಒಳ್ಳೆಯ ಬಿಸ್ಕೋ ಹರಳುಗಳನ್ನು ಫ್ಲೋಟಿಂಗ್ ಝೋನ್ ಕುಲುಮೆಯಲ್ಲಿ, ಅಂದರೆ ಕಡ್ಡಿಯ ಒಂದು ಸಣ್ಣ ಭಾಗವನ್ನಷ್ಟೇ ಕರಗಿಸುತ್ತಾ ಸಾಗುವ ಕುಲುಮೆಯಲ್ಲಿ, ಬೆಳೆಸುತ್ತಾರೆ. ಗಂಟೆಗೆ ಅರ್ಧ ಮಿಲಿಮೀಟರ್‌ಗಿಂತಲೂ ನಿಧಾನ. ಅವಸರ ಮಾಡಿದರೆ ಕ್ಯಾಲ್ಸಿಯಂ ಇಲ್ಲದ, ಒಂದೇ ತಾಮ್ರದ 2201 ಪದರಗಳು ನಡುವೆ ನುಸುಳುತ್ತವೆ.

ನಿಮಗೆ ಬೇಕಾದದ್ದು ಸುಮಾರು 0.1 ಮಿಲಿಮೀಟರ್ ಅಗಲದ ತೆಳು ತುಂಡು. ಇಲ್ಲಿ ದೊಡ್ಡ ಶತ್ರು ಬಾಗು. ಈ ಹರಳು ಕಾಗದದ ಹಾಗೆ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಬ್ಲೇಡಿನಿಂದ ಒತ್ತಿ ಕತ್ತರಿಸಬೇಡಿ. ಟೇಪಿನಿಂದ ಎರಡೂ ಕಡೆ ಸಿಪ್ಪೆ ತೆಗೆಯಿರಿ. ಒಂದು ಹನಿ ಎಣ್ಣೆಯಲ್ಲಿಟ್ಟು, ಅಂಚಿನಿಂದ ತಾನಾಗಿ ಬಿಟ್ಟ ಚೂರನ್ನು ಎತ್ತಿಕೊಳ್ಳಿ. ಮೈಕ್ರೋಸ್ಕೋಪ್ ಕೆಳಗೆ ತಿರುಗಿಸಿದಾಗ ಇಡೀ ಮುಖ ಒಂದೇ ಸಲ ಹೊಳೆದು ಒಂದೇ ಸಲ ಕಪ್ಪಾಗಬೇಕು. ಹೊಳಪು ಒಂದು ಬದಿಯಿಂದ ಇನ್ನೊಂದಕ್ಕೆ ಹರಿದುಹೋದರೆ ಅದು ಬಾಗಿದೆ, ಬಿಟ್ಟುಬಿಡಿ.

ನಾಲ್ಕೈದು ತುಂಡು ಕೂರಿಸಿ, ಪ್ರತಿಯೊಂದಕ್ಕೂ ಐದು ನಿಮಿಷದ ಎಕ್ಸ್‌ರೇ ಚಿತ್ರ ತೆಗೆದು ಹೋಲಿಸಿ. ಚುಕ್ಕೆಗಳು ದುಂಡಗಿರಬೇಕು, ಗೀರಾಗಿ ಎಳೆದಿರಬಾರದು. ಈ ಹಂತದಲ್ಲಿ ಕಳೆದ ಒಂದು ದಿನ ಮುಂದೆ ಒಂದು ತಿಂಗಳು ಉಳಿಸುತ್ತದೆ.

ಹಂತ 2: ಯಾವ ಕಿರಣ?

ಹೆಚ್ಚಿನ ಪ್ರಯೋಗಾಲಯಗಳಲ್ಲಿ ಮಾಲಿಬ್ಡಿನಂ ಟ್ಯೂಬ್ ಇರುತ್ತದೆ. ಅದರ ಶಕ್ತಿ ಸುಮಾರು 17.5 ಕಿಲೋ ಎಲೆಕ್ಟ್ರಾನ್ ವೋಲ್ಟ್. ಪರಮಾಣುವಿನ ಹೀರುವಿಕೆ ಥಟ್ಟನೆ ಏರುವ ಶಕ್ತಿಗೆ ಅಂಚು ಎನ್ನುತ್ತಾರೆ. ಬಿಸ್ಮತ್‌ನ ಮೂರು ಎಲ್ ಅಂಚುಗಳು 13.4ರಿಂದ 16.4ರ ನಡುವೆ ಬರುತ್ತವೆ. ಸ್ಟ್ರಾನ್ಷಿಯಂನ ಕೆ ಅಂಚು 16.1. ಅಂದರೆ ಎಲ್ಲವೂ ಮಾಲಿಬ್ಡಿನಂ ಕಿರಣಕ್ಕಿಂತ ಸ್ವಲ್ಪವೇ ಕೆಳಗಿವೆ. ಹರಳು ಕಿರಣವನ್ನು ಗಟಗಟ ಕುಡಿಯುತ್ತದೆ, ಜೊತೆಗೆ ತಾನೂ ಫ್ಲೋರೆಸೆನ್ಸ್ ಬೆಳಕು ಚೆಲ್ಲಿ ಹಿನ್ನೆಲೆಯನ್ನು ಏರಿಸುತ್ತದೆ.

ಬೆಳ್ಳಿ ಟ್ಯೂಬ್ ಸಿಕ್ಕರೆ ಅದನ್ನೇ ಬಳಸಿ. ಅದರ ಶಕ್ತಿ 22.2, ಹೀರುವಿಕೆ ಕಡಿಮೆ. ಮಾಲಿಬ್ಡಿನಂ ಒಂದೇ ಇದ್ದರೆ ತುಂಡನ್ನು ಇನ್ನೂ ತೆಳ್ಳಗೆ ಮಾಡಿ, ಪ್ರತಿ ಮುಖದ ಅಳತೆ ಬರೆದಿಟ್ಟುಕೊಂಡು ಹೀರುವಿಕೆಯ ತಿದ್ದುಪಡಿ ಮಾಡಿ. ತಟ್ಟೆಯಾಕಾರದ ಹರಳಿನಲ್ಲಿ ಕಿರಣ ಮುಖದ ಮೂಲಕ ಹೋದರೆ ಒಂದು ದೂರ, ಅಂಚಿನ ಮೂಲಕ ಹೋದರೆ ಹಲವು ಪಟ್ಟು ದೂರ. ಈ ವ್ಯತ್ಯಾಸ ತಿದ್ದದಿದ್ದರೆ ಸಣ್ಣ ಚುಕ್ಕೆಗಳ ತೀವ್ರತೆಗೆ ಅರ್ಥವೇ ಉಳಿಯುವುದಿಲ್ಲ.

ಹಂತ 3: ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಒಂದು ನೋಟ

ಸಾಧ್ಯವಾದರೆ ಮಾಡಿ, ಒಂದು ಮಧ್ಯಾಹ್ನದ ಕೆಲಸ. ಸಿಪ್ಪೆ ತೆಗೆದ ತೆಳು ಪದರದ ಮೇಲಿನಿಂದ ಎಲೆಕ್ಟ್ರಾನ್ ಹಾಯಿಸಿದರೆ ದೊಡ್ಡ ಚುಕ್ಕೆಗಳ ನಡುವೆ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದೆ. ದೊಡ್ಡವು ಹರಳಿನ ಮೂಲ ಅಳತೆಯಿಂದ ಬಂದವು, ಸಣ್ಣವು ಅಲೆಯಿಂದ. ಸಾಲು ಒಂದೇ ದಿಕ್ಕಿನಲ್ಲಿ ಇದ್ದರೆ ಒಳ್ಳೆಯದು. ಎರಡು ದಿಕ್ಕಿನಲ್ಲೂ ಇದ್ದರೆ 90 ಡಿಗ್ರಿ ತಿರುಗಿದ ಭಾಗಗಳು ಬೆರೆತಿವೆ ಎಂದು ಅರ್ಥ. ಎ ಮತ್ತು ಬಿ ಅಕ್ಷಗಳು ಎರಡೂ ಸುಮಾರು 5.41 ಆಂಗ್‌ಸ್ಟ್ರಾಮ್ ಇರುವುದರಿಂದ ಹೀಗೆ ಆಗುವುದು ತೀರಾ ಸಾಮಾನ್ಯ.

ಹಂತ 4: ದತ್ತಾಂಶ ಸಂಗ್ರಹ

ಸಿ ಅಕ್ಷ 30.9 ಆಂಗ್‌ಸ್ಟ್ರಾಮ್ ಉದ್ದ. ಆದ್ದರಿಂದ ಆ ದಿಕ್ಕಿನ ಚುಕ್ಕೆಗಳು ಒತ್ತೊತ್ತಾಗಿ ಬೀಳುತ್ತವೆ. ಲೆಕ್ಕ ಸುಲಭ: ತರಂಗದ ಉದ್ದವನ್ನು ಡಿಟೆಕ್ಟರ್ ದೂರದಿಂದ ಗುಣಿಸಿ 30.9ರಿಂದ ಭಾಗಿಸಿ. ಮಾಲಿಬ್ಡಿನಂ ಕಿರಣ 0.71 ಆಂಗ್‌ಸ್ಟ್ರಾಮ್, ದೂರ 60 ಮಿಲಿಮೀಟರ್ ಆದರೆ ಚುಕ್ಕೆಗಳ ನಡುವೆ ಸುಮಾರು 1.4 ಮಿಲಿಮೀಟರ್. ಬೇರ್ಪಡಿಸಲು ಇಷ್ಟು ಸಾಕು, ಆದರೆ ಮುಂದಿನ ಹಂತಕ್ಕೆ ಸಾಲದು. ಹಾಗಾಗಿ ಡಿಟೆಕ್ಟರನ್ನು 100 ಮಿಲಿಮೀಟರ್ ಅಥವಾ ಅದಕ್ಕೂ ದೂರ ಇಡಿ.

ಎರಡು ಸಲ ಸಂಗ್ರಹಿಸಿ. ಒಮ್ಮೆ ಕಡಿಮೆ ಹೊತ್ತು, ದೊಡ್ಡ ಚುಕ್ಕೆಗಳು ತುಂಬಿ ಹರಿಯದ ಹಾಗೆ. ಇನ್ನೊಮ್ಮೆ ಜಾಸ್ತಿ ಹೊತ್ತು, ಎರಡನೇ ಸುತ್ತಿನ, ಅಂದರೆ ದೊಡ್ಡ ಚುಕ್ಕೆಯಿಂದ ಎಣಿಸಿದರೆ ಎರಡನೆಯದಾಗಿ ಬರುವ, ಸಣ್ಣ ಚುಕ್ಕೆಗಳು ಎದ್ದು ಬರುವ ಹಾಗೆ. ಆಮೇಲೆ ಎರಡನ್ನೂ ಒಂದೇ ಮಾಪಕ್ಕೆ ತನ್ನಿ.

ಹಂತ 5: ಮೊದಲು ದೊಡ್ಡ ಚುಕ್ಕೆಗಳು ಮಾತ್ರ

ಸಾಫ್ಟ್‌ವೇರ್‌ಗೆ ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ ಕೊಟ್ಟು ಯೂನಿಟ್ ಸೆಲ್ ಹುಡುಕು ಎನ್ನಬೇಡಿ. ಅದು ಹೇಗಾದರೂ ಮಾಡಿ ಎಲ್ಲವನ್ನೂ ಒಂದು ದೊಡ್ಡ ಪೆಟ್ಟಿಗೆಗೆ ತುರುಕುತ್ತದೆ. ಬಿ ಅಕ್ಷ 27 ಆಂಗ್‌ಸ್ಟ್ರಾಮ್ ಎಂದು ತೋರಿಸುತ್ತದೆ, ಅಂದರೆ 5.41ರ ಐದು ಪಟ್ಟು. ನೋಡಲು ಎಷ್ಟು ಚೆಂದ, ಅಲ್ವಾ? ಆದರೆ ಅದು ತಪ್ಪು.

ತೀವ್ರತೆಯ ಮಿತಿ ಹಾಕಿ ಬಲವಾದ ಚುಕ್ಕೆಗಳನ್ನಷ್ಟೇ ಆರಿಸಿ. 5.41, 5.41, 30.9 ಬರುತ್ತದೆ. ಎಲ್ಲ ಕೋನಗಳೂ 90. ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಎ ಯಾವುದು, ಬಿ ಯಾವುದು ಎಂದು ಉದ್ದದಿಂದ ಹೇಳಲಾಗದು. ಸಣ್ಣ ಚುಕ್ಕೆಗಳು ಯಾವ ಕಡೆಗೆ ಇವೆಯೋ ಅದನ್ನು ಬಿ ಎಂದು ಕರೆಯಿರಿ. ಕೆಲವು ಲೇಖನಗಳಲ್ಲಿ ಇದೇ ದಿಕ್ಕಿಗೆ ಎ ಎಂದಿರುತ್ತದೆ. ಹೋಲಿಸುವಾಗ ಇದನ್ನು ಮರೆತರೆ ದಿನಗಟ್ಟಲೆ ಗೊಂದಲ.

ಹಂತ 6: 0.21 ಬೇರೆ, ಐದನೇ ಒಂದು ಬೇರೆ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ನಿಧಾನವಾಗಿ ಹೋಗೋಣ.

ದೊಡ್ಡ ಚುಕ್ಕೆಯಿಂದ ಸಣ್ಣ ಚುಕ್ಕೆಗೆ ಇರುವ ದೂರವನ್ನು ಕ್ಯೂ ಎನ್ನುತ್ತಾರೆ. ಬಿಸ್ಕೋ-2212ರಲ್ಲಿ ಅದು ಬಿ-ಸ್ಟಾರ್‌ನ (ಬಿ ದಿಕ್ಕಿನಲ್ಲಿ ಮೂಲ ಅಳತೆಯ ಚುಕ್ಕೆಗಳ ಒಂದು ಹೆಜ್ಜೆ) ಸುಮಾರು 0.21 ಪಾಲು. 5.41ನ್ನು 0.21ರಿಂದ ಭಾಗಿಸಿದರೆ 25.8 ಆಂಗ್‌ಸ್ಟ್ರಾಮ್. ಅಂದರೆ ಅಲೆ 4.76 ಸೆಲ್‌ಗೆ ಒಮ್ಮೆ ಬರುತ್ತದೆ, ಐದಕ್ಕೆ ಒಮ್ಮೆ ಅಲ್ಲ.

0.21ಕ್ಕೂ 0.20ಕ್ಕೂ ಎಷ್ಟು ವ್ಯತ್ಯಾಸ? ಡಿಟೆಕ್ಟರ್ ಮೇಲೆ ಲೆಕ್ಕ ಹಾಕಿ ನೋಡಿ. 60 ಮಿಲಿಮೀಟರ್ ದೂರದಲ್ಲಿ ಅದು 0.08 ಮಿಲಿಮೀಟರ್. ಈಗ ಚಾಲ್ತಿಯಲ್ಲಿರುವ ಒಂದು ಬಗೆಯ ಡಿಟೆಕ್ಟರಿನ ಪಿಕ್ಸೆಲ್ ಅಗಲವೇ 0.172 ಮಿಲಿಮೀಟರ್. ಅರ್ಧ ಪಿಕ್ಸೆಲ್ ಕೂಡ ಇಲ್ಲ! ಒಂದೇ ಒಂದು ಚುಕ್ಕೆ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ನಾನು ಮೊದಲ ಸಲ ಮಾಡಿದಾಗ ಐದು ಪಟ್ಟಿನ ಸೆಲ್ ಇಟ್ಟುಕೊಂಡೇ ಎರಡು ವಾರ ಕಳೆದೆ. ಚುಕ್ಕೆಗಳೆಲ್ಲ ಪೆಟ್ಟಿಗೆಯಲ್ಲಿ ಕೂತಿದ್ದವು, ಆದರೆ ಪರಮಾಣುಗಳು ಎಲ್ಲೂ ನಿಲ್ಲಲಿಲ್ಲ. ತಪ್ಪು ಸಿಕ್ಕಿದ್ದು ಎರಡನೇ ಸುತ್ತಿನ ಚುಕ್ಕೆಗಳನ್ನು ನೋಡಿದ ಮೇಲೆ.

ಪರೀಕ್ಷೆ ಮೂರು ಬಗೆ. ಮೊದಲನೆಯದು, ನೂರಾರು ಸಣ್ಣ ಚುಕ್ಕೆಗಳನ್ನು ಒಟ್ಟಿಗೆ ತೆಗೆದುಕೊಂಡು ಕ್ಯೂವನ್ನು ಲೀಸ್ಟ್ ಸ್ಕ್ವೇರ್ಸ್‌ನಿಂದ, ಅಂದರೆ ಎಲ್ಲ ಚುಕ್ಕೆಗಳಿಗೂ ಒಟ್ಟಾರೆ ಅತಿ ಹತ್ತಿರ ಹೊಂದುವ ಬೆಲೆ ಹುಡುಕುವ ಲೆಕ್ಕದಿಂದ, ತಿದ್ದಿಸಿ. ಉತ್ತರದ ಜೊತೆ ಬರುವ ದೋಷದ ಅಂಕಿಯನ್ನು ನೋಡಿ. 0.21ರ ಪಕ್ಕದಲ್ಲಿ ದೋಷ ಮೂರನೇ ಅಥವಾ ನಾಲ್ಕನೇ ದಶಮಾಂಶದಲ್ಲಿದ್ದರೆ 0.20 ಪಟ್ಟಿಯಿಂದ ಹೊರಗೆ. ಎರಡನೆಯದು, ಎರಡನೇ ಸುತ್ತಿನ ಚುಕ್ಕೆಗಳು. ಅವು 0.42ರಲ್ಲಿ ಇರಬೇಕು, 0.40ರಲ್ಲಿ ಅಲ್ಲ. ವ್ಯತ್ಯಾಸ ದುಪ್ಪಟ್ಟಾಗುತ್ತದೆ. ಡಿಟೆಕ್ಟರ್ ದೂರವನ್ನೂ ದುಪ್ಪಟ್ಟು ಮಾಡಿದ್ದರೆ ನಾಲ್ಕು ಪಟ್ಟು, ಆಗ ಕಣ್ಣಿಗೇ ಕಾಣುತ್ತದೆ. ಮೂರನೆಯದು ಪೆಟ್ಟಿಗೆಯ ಖಾಲಿ ಜಾಗಗಳು. ಐದು ಪಟ್ಟಿನ ಸೆಲ್‌ನಲ್ಲಿ ಬರಬೇಕಾದ ಚುಕ್ಕೆಗಳಲ್ಲಿ ಎಷ್ಟು ನಿಜವಾಗಿ ಬಂದಿವೆ ಎಂದು ಎಣಿಸಿ. ಬಹುಪಾಲು ಖಾಲಿ ಇದ್ದರೆ ನೀವು ತಪ್ಪು ಪೆಟ್ಟಿಗೆಯಲ್ಲಿದ್ದೀರಿ.

ದಯವಿಟ್ಟು ಈ ಅಂಕಿಯನ್ನು ಸುಮ್ನೆ ದುಂಡು ಮಾಡಬೇಡಿ. ಆ 0.01ರಲ್ಲೇ ಹರಳಿನ ರಸಾಯನ ಅಡಗಿದೆ. 1989ರಲ್ಲಿ ಲೆ ಪೇಜ್ ಮತ್ತು ಸಂಗಡಿಗರು ತಾಮ್ರದ ಬದಲು ಕಬ್ಬಿಣ ಇರುವ ಒಂದು ಸೋದರ ಹರಳನ್ನು ಬಿಡಿಸಿದರು. ಅದರಲ್ಲಿ ಅಲೆ ಸರಿಯಾಗಿ ಐದು ಸೆಲ್‌ಗೆ ಒಮ್ಮೆ ಬರುತ್ತದೆ. ಸೂತ್ರದಲ್ಲಿ 10 ಬಿಸ್ಮತ್‌ಗೆ 45 ಆಮ್ಲಜನಕ ಇರಬೇಕಾದಲ್ಲಿ 46 ಇದೆ. ಅಂದರೆ ಪ್ರತಿ ಅಲೆಗೆ ಬಿಸ್ಮತ್ ಪದರದ ಒಂದೊಂದು ಸಾಲಿನಲ್ಲಿ ಒಂದು ಹೆಚ್ಚುವರಿ ಆಮ್ಲಜನಕ. ಅದೇ ಲೆಕ್ಕವನ್ನು ಅವರು 2212ಕ್ಕೆ ಹಾಕಿದರು. ಅಲೆ 4.76 ಸೆಲ್‌ಗೆ ಒಮ್ಮೆ ಬಂದರೆ ಎರಡು ಬಿಸ್ಮತ್‌ಗೆ 0.21 ಆಮ್ಲಜನಕ ಜಾಸ್ತಿ, ಒಟ್ಟು 8.21. ಕ್ಯೂ 0.21, ಹೆಚ್ಚುವರಿ ಆಮ್ಲಜನಕವೂ 0.21! ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಹಂತ 7: ನಾಲ್ಕನೇ ಸೂಚಿ, ನಾಲ್ಕನೇ ಅಕ್ಷ

ಮೂರು ಅಂಕಿಗಳಿಂದ ಎಲ್ಲ ಚುಕ್ಕೆಗೂ ವಿಳಾಸ ಕೊಡಲು ಆಗುವುದಿಲ್ಲ. ನಾಲ್ಕನೆಯದು ಬೇಕು, ಅದನ್ನು ಎಂ ಎನ್ನೋಣ. ದೊಡ್ಡ ಚುಕ್ಕೆಗೆ ಎಂ ಸೊನ್ನೆ, ಅಕ್ಕಪಕ್ಕದ ಸಣ್ಣ ಚುಕ್ಕೆಗೆ ಒಂದು ಅಥವಾ ಮೈನಸ್ ಒಂದು.

ಇದರ ಹಿಂದಿನ ವಿಚಾರ ಡಿ ವೋಲ್ಫ್, ಯಾನರ್ ಮತ್ತು ಯಾನ್ಸನ್ ಎಂಬ ನೆದರ್ಲೆಂಡ್ಸಿನ ವಿಜ್ಞಾನಿಗಳದು, 1970ರ ದಶಕದ್ದು. ಬುಟ್ಟಾ ಸೀರೆಯೊಂದನ್ನು ಹಾಸಿ. ಬುಟ್ಟಾಗಳು ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ತಪ್ಪದೆ ಕೂತಿವೆ. ಅದರ ಮೇಲೆ ಓರೆಯಾಗಿ ಒಂದು ದಾರ ಎಳೆಯಿರಿ. ದಾರವು ಬುಟ್ಟಾಗಳನ್ನು ದಾಟುವ ಜಾಗಗಳು ಒಂದರಂತೆ ಇನ್ನೊಂದಿಲ್ಲ. ನಮ್ಮ ಹರಳು ಆ ದಾರ. ಸೀರೆ ಇರುವುದು ಒಂದು ಆಯಾಮ ಜಾಸ್ತಿ ಇರುವ ಜಾಗದಲ್ಲಿ, ಅಲ್ಲಿ ಎಲ್ಲವೂ ಕ್ರಮಬದ್ಧ. ಅದನ್ನೇ ಸೂಪರ್‌ಸ್ಪೇಸ್ ಎನ್ನುತ್ತಾರೆ.

ಈಗ ಸೊನ್ನೆ-ಕೆ-ಎಲ್ ಪದರದ ಚಿತ್ರವನ್ನು ಮರುಜೋಡಿಸಿ ನೋಡಿ. ದೊಡ್ಡ ಚುಕ್ಕೆಗಳು ಎಲ್ ಸಮಸಂಖ್ಯೆ ಇರುವ ಸಾಲುಗಳಲ್ಲಿ ಮಾತ್ರ ಇರುತ್ತವೆ. ಮೊದಲ ಸುತ್ತಿನ ಸಣ್ಣ ಚುಕ್ಕೆಗಳು ಬೆಸ ಸಾಲುಗಳಲ್ಲಿ. ಎರಡನೇ ಸುತ್ತಿನವು ಮತ್ತೆ ಸಮ ಸಾಲುಗಳಲ್ಲಿ. ನಿಯಮ ಇಷ್ಟೇ: ಹೆಚ್, ಎಲ್, ಎಂ ಮೂರನ್ನೂ ಕೂಡಿದರೆ ಸಮಸಂಖ್ಯೆ ಬರಬೇಕು. ಹಾಗಾಗಿ ಎದುರುಬದುರು ಪದರಗಳಲ್ಲಿ ಅಲೆ ಅರ್ಧ ಹೆಜ್ಜೆ ಸರಿದಿರುತ್ತದೆ. ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು. ಲೇಖನಗಳಲ್ಲಿ ಇದನ್ನೇ ಕ್ಯೂಗೆ ಒಂದು ಸಿ-ಸ್ಟಾರ್ ಸೇರಿಸಿಯೂ ಬರೆಯುತ್ತಾರೆ. ಎರಡೂ ಒಂದೇ.

ಸರಾಸರಿ ರಚನೆಗೆ ಬಿ-ಬಿ-ಎಂ-ಬಿ ಎಂಬ ಕೇಂದ್ರಸಮ್ಮಿತಿ ಇರುವ ಸ್ಪೇಸ್ ಗ್ರೂಪಿನಿಂದ (ಹರಳಿನ ಸಮ್ಮಿತಿಯ ಗುಂಪು; ಇಲ್ಲಿನ ಎಂ ನಮ್ಮ ನಾಲ್ಕನೇ ಸೂಚಿಯಲ್ಲ) ಶುರು ಮಾಡಿ. ಸಮ್ಮಿತಿ ಕಡಿಮೆ ಇರುವ ಗುಂಪನ್ನು ಹಲವರು ವಾದಿಸಿದ್ದಾರೆ. ಆದರೆ ದತ್ತಾಂಶ ಒತ್ತಾಯ ಮಾಡುವವರೆಗೆ ಅಲ್ಲಿಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ.

ಹಂತ 8: ಸರಾಸರಿ ರಚನೆ

ಎಂ ಸೊನ್ನೆ ಇರುವ ಚುಕ್ಕೆಗಳಿಂದ ಮಾತ್ರ ಮಾಮೂಲಿ ರೀತಿಯಲ್ಲಿ ಬಿಡಿಸಿ. ಬಿಸ್ಮತ್, ಸ್ಟ್ರಾನ್ಷಿಯಂ, ತಾಮ್ರ, ಕ್ಯಾಲ್ಸಿಯಂ ಬೇಗ ಸಿಗುತ್ತವೆ. ಬಿಸ್ಮತ್ ಮತ್ತು ಅದರ ಪದರದ ಆಮ್ಲಜನಕದ ಕಂಪನದ ಗೋಳ ವಿಪರೀತ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಗಾಬರಿ ಬೇಡ. ಅದು ಕಂಪನವಲ್ಲ, ಅಲೆಯ ಎಲ್ಲ ಜಾಗಗಳೂ ಒಂದರ ಮೇಲೊಂದು ಬಿದ್ದ ನೆರಳು.

ಹಂತ 9: ಅಲೆಗಳನ್ನು ಒಂದೊಂದಾಗಿ ಸೇರಿಸಿ

ಪ್ರಾಗ್‌ನ ಭೌತಶಾಸ್ತ್ರ ಸಂಸ್ಥೆಯಲ್ಲಿ ಪೆತ್ರಿಚೆಕ್, ದುಶೆಕ್ ಮತ್ತು ಪಲಾಟಿನುಸ್ ಬೆಳೆಸಿದ ಯಾನಾ ಎಂಬ ಸಾಫ್ಟ್‌ವೇರ್ ಈ ಕೆಲಸಕ್ಕೆಂದೇ ಇದೆ. ಅಲೆಯ ಮೊದಲ ಅಂದಾಜಿಗೆ ಅದರ ಜೊತೆ ಸೂಪರ್‌ಫ್ಲಿಪ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸಬಹುದು.

ಕೈಯಿಂದ ಮಾಡುವವರು ಈ ಕ್ರಮ ಹಿಡಿಯಿರಿ. ಮೊದಲು ಬಿಸ್ಮತ್‌ಗೆ ಒಂದೇ ಒಂದು ಸೈನ್-ಕೊಸೈನ್ ಅಲೆ. ಶುರುವಿನ ಬೆಲೆ ಸೊನ್ನೆ ಇಡಬೇಡಿ, ಸೊನ್ನೆಯಿಂದ ಲೆಕ್ಕ ಕದಲುವುದಿಲ್ಲ. 0.01ರಷ್ಟು ಸಣ್ಣ ಬೆಲೆ ಕೊಡಿ. ಚಿಹ್ನೆ ತಪ್ಪಾಗಿದ್ದರೆ ಲೆಕ್ಕ ಒಂದು ಹಳ್ಳದಲ್ಲಿ ಸಿಕ್ಕಿಬೀಳುತ್ತದೆ, ಹಾಗಾಗಿ ಪ್ಲಸ್, ಮೈನಸ್ ಎರಡನ್ನೂ ಓಡಿಸಿ ನೋಡಿ. ಬಿಸ್ಮತ್ ನಿಂತ ಮೇಲೆ ಸ್ಟ್ರಾನ್ಷಿಯಂ, ಆಮೇಲೆ ತಾಮ್ರ, ಕ್ಯಾಲ್ಸಿಯಂ, ಕೊನೆಗೆ ಆಮ್ಲಜನಕಗಳು. ಎಲ್ಲ ನಿಂತ ಮೇಲೆ ಎರಡನೇ ಅಲೆ. ನೀವು ಅಳೆದದ್ದು ಎರಡು ಸುತ್ತಿನ ಚುಕ್ಕೆಗಳನ್ನಾದರೆ ಎರಡು ಅಲೆಗಳಿಗೆ ನಿಲ್ಲಿಸಿ. ಮೂರನೆಯದು ಆರ್ ಅಂಕಿಯನ್ನು (ಅಳೆದದ್ದಕ್ಕೂ ಲೆಕ್ಕಕ್ಕೂ ಇರುವ ವ್ಯತ್ಯಾಸ) ಇಳಿಸಬಹುದು, ಆದರೆ ಅದಕ್ಕೆ ಆಧಾರವಿಲ್ಲ.

ಬಿಸ್ಮತ್ ಪದರದ ಆಮ್ಲಜನಕಕ್ಕೆ ಮಾತ್ರ ಈ ನಯವಾದ ಅಲೆ ಹೊಂದುವುದಿಲ್ಲ. ಅದು ನಿಧಾನವಾಗಿ ಸರಿಯುತ್ತಾ ಹೋಗಿ, ಒಂದೆಡೆ ಥಟ್ಟನೆ ಹಿಂದಕ್ಕೆ ಜಿಗಿಯುತ್ತದೆ. ಗರಗಸದ ಹಲ್ಲಿನ ಹಾಗೆ. ಯಾನಾದಲ್ಲಿ ಗರಗಸದ ಆಕಾರದ ಅಲೆ ಸಿದ್ಧವಾಗಿಯೇ ಇದೆ, ಅದನ್ನೇ ಆರಿಸಿ. ಹಲ್ಲು ಮುರಿಯುವ ಜಾಗದಲ್ಲೇ ಹೆಚ್ಚುವರಿ ಆಮ್ಲಜನಕ ಕೂತಿರುತ್ತದೆ.

ಆದರೆ 83 ಎಲೆಕ್ಟ್ರಾನ್‌ಗಳ ಬಿಸ್ಮತ್ ಪಕ್ಕದಲ್ಲಿ 8 ಎಲೆಕ್ಟ್ರಾನ್‌ಗಳ ಆಮ್ಲಜನಕವನ್ನು ಎಕ್ಸ್‌ರೇ ಸರಿಯಾಗಿ ಕಾಣುವುದಿಲ್ಲ. ನ್ಯೂಟ್ರಾನ್‌ಗೆ ಆ ಭೇದ ಕಡಿಮೆ. ಅದರ ಲೆಕ್ಕದಲ್ಲಿ ಬಿಸ್ಮತ್‌ನ ಚದುರಿಸುವ ಬಲ 8.5, ಆಮ್ಲಜನಕದ್ದು 5.8. 1990ರಲ್ಲಿ ಯಮಾಮೊಟೊ ಮತ್ತು ಸಂಗಡಿಗರು ಪುಡಿಯ ಮೇಲೆ ಎಕ್ಸ್‌ರೇ, ನ್ಯೂಟ್ರಾನ್ ಎರಡನ್ನೂ ಬಳಸಿ ಇದನ್ನು ಬಿಡಿಸಿದ್ದರು. ನಿಮಗೆ ನ್ಯೂಟ್ರಾನ್ ಸಮಯ ಸಿಗುವುದಾದರೆ ಬಿಡಬೇಡಿ.

ಹಂತ 10: ಉತ್ತರ ನಂಬಬಹುದೇ?

ಒಟ್ಟು ಆರ್ ಅಂಕಿ ನೋಡಿ ಸಮಾಧಾನಪಡಬೇಡಿ. ದೊಡ್ಡ ಚುಕ್ಕೆಗಳ ಬಲದಿಂದ ಅದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಎಂ ಸೊನ್ನೆ, ಒಂದು, ಎರಡು ಎಂದು ಬೇರೆ ಬೇರೆ ಆರ್ ಬರೆಯಿರಿ. ಸುತ್ತು ಹೆಚ್ಚಿದಂತೆ ಆರ್ ಏರುವುದು ಸಹಜ. ಇದ್ದಕ್ಕಿದ್ದಂತೆ ಹಾರಿದರೆ ಅಲೆಯ ಆಕಾರ ತಪ್ಪಿದೆ.

ಆಮೇಲೆ ಅಲೆಯ ಉದ್ದಕ್ಕೂ ಬಂಧಗಳ ಉದ್ದವನ್ನು ಗೆರೆ ಎಳೆದು ನೋಡಿ. ಪದರದೊಳಗಿನ ತಾಮ್ರ-ಆಮ್ಲಜನಕ ಬಂಧ 1.91ರ ಸುತ್ತ ಹೆಚ್ಚು ಕದಲಬಾರದು. ಬಿಸ್ಮತ್-ಆಮ್ಲಜನಕ ಎಲ್ಲಾದರೂ 2 ಆಂಗ್‌ಸ್ಟ್ರಾಮ್‌ಗಿಂತ ತುಂಬಾ ಕೆಳಗಿಳಿದರೆ ಅದು ನಿಜವಲ್ಲ, ಹಿಂದಿನ ಹಂತಕ್ಕೆ ಹೋಗಿ. ತಾಮ್ರದ ನೆತ್ತಿಯ ಮೇಲಿರುವ ಆಮ್ಲಜನಕದ ದೂರವಂತೂ ಅಲೆಯ ಜೊತೆ ಚೆನ್ನಾಗಿ ಏರಿಳಿಯಬೇಕು, ಶೇಕಡಾ 12ರವರೆಗೆ.

ಈ ಕೊನೆಯ ಅಂಕಿ ಇಷ್ಟು ಕಷ್ಟಕ್ಕೆ ಸಿಗುವ ಪ್ರತಿಫಲ. 2008ರಲ್ಲಿ ಸ್ಲೆಜಾಕ್, ಡೇವಿಸ್ ಮತ್ತು ಸಂಗಡಿಗರು ಟನೆಲಿಂಗ್ ಮೈಕ್ರೋಸ್ಕೋಪಿನಿಂದ ಇದೇ ಅಲೆಯ ಮೇಲೆ ನಡೆದು ನೋಡಿದರು. ಅಲೆ ಏರಿಳಿದಂತೆ ಸೂಪರ್‌ಕಂಡಕ್ಟಿಂಗ್ ಗ್ಯಾಪ್ (ಎಲೆಕ್ಟ್ರಾನ್ ಜೋಡಿ ಮುರಿಯಲು ಬೇಕಾದ ಶಕ್ತಿಯ ಅಳತೆ) ಕೂಡ ಸುಮಾರು ಶೇಕಡಾ 9ರಷ್ಟು ಏರಿಳಿಯುತ್ತಿತ್ತು. 2022ರಲ್ಲಿ ಡೇವಿಸ್ ಅವರ ತಂಡ ಈ ಅಲೆಯನ್ನೇ ಉಪಕರಣದಂತೆ ಬಳಸಿತು. ಎಲೆಕ್ಟ್ರಾನ್ ಜೋಡಿಗಳ ಸಾಂದ್ರತೆ ಅಲೆಯ ಜೊತೆ ಹೇಗೆ ಬದಲಾಗುತ್ತದೆ ಎಂದು ಅಳೆಯಿತು. ಒಂದೇ ಹರಳು, ಒಂದೇ ಉಷ್ಣತೆ, ಬದಲಾಗುವುದು ಪರಮಾಣುಗಳ ನಡುವಿನ ದೂರ ಮಾತ್ರ. ಬೇರೆ ಯಾವ ಹರಳಿನಲ್ಲೂ ಇಷ್ಟು ಸಲೀಸಾಗಿ ಇಂಥ ಪ್ರಯೋಗ ಸಿಗುವುದಿಲ್ಲ.

ಒಂದು ಎಚ್ಚರಿಕೆ. ತಾಮ್ರದ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನ್‌ಗಳ ಚಾರ್ಜ್ ಮತ್ತು ಸ್ಪಿನ್ ಕೂಡ ಅಳತೆ ಕೂಡದ ಅಲೆಗಳನ್ನು ಕಟ್ಟುತ್ತವೆ. ಅವು ತಾಮ್ರ-ಆಮ್ಲಜನಕ ಬಂಧದ ದಿಕ್ಕಿನಲ್ಲಿ ಇರುತ್ತವೆ. ನೀವು ಬಿಡಿಸಿದ ಅಲೆ ಅದಕ್ಕೆ 45 ಡಿಗ್ರಿ ಓರೆ. ಎರಡನ್ನೂ ಬೆರೆಸಬೇಡಿ.

ಕೈಯಲ್ಲಿ ಇನ್ನೂ ಸಮಯವಿದ್ದರೆ ಸೀಸ ಬೆರೆತ ಬಿಸ್ಕೋ ಹರಳೊಂದನ್ನು ತಂದು ಮೊದಲಿಂದ ಇದೇ ಹಂತಗಳನ್ನು ಮಾಡಿ. ಸೀಸ ಬಿಸ್ಮತ್‌ನ ಜಾಗಕ್ಕೆ ಬರುತ್ತಾ ಹೋದಂತೆ ಕ್ಯೂ ಸಣ್ಣದಾಗುತ್ತದೆ, ಅಲೆ ಉದ್ದವಾಗುತ್ತದೆ, ಸಣ್ಣ ಚುಕ್ಕೆಗಳು ಮಸುಕಾಗುತ್ತವೆ. ಸೀಸ ಸಾಕಷ್ಟಾದಾಗ ಆ ಸಾಲುಗಳು ಇರುತ್ತಿದ್ದ ಜಾಗದಲ್ಲಿ ಹಿನ್ನೆಲೆ ಮಾತ್ರ ಉಳಿಯುತ್ತದೆ.